ಅಮ್ಮಿಯ ಅಂಗೈ ತುರಿಸಿದ ದಿನ

"ಅಂಗೈ ತುರಿಸಿದರೆ ದುಡ್ಡು ಬರುತ್ತದಂತೆ. ನೋಡೋಣ, ಈ ಸಲ ಎಷ್ಟು ಬರುತ್ತದೋ!" ಎಂದು ಅಮ್ಮಿ ನಕ್ಕರು. ನಾನೂ ನಕ್ಕೆ. 2023ರ ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಕರಾವಳಿಯ ಆಸ್ಪತ್ರೆಯೊಂದರ ಕೀಮೋಥೆರಪಿ ವಾರ್ಡಿನಲ್ಲಿ ನಾವು ತಾಯಿ ಮಗಳು ನಕ್ಕ ಆ ನಗುವನ್ನು ನೆನೆದರೆ ನನ್ನ ಮೈ ಇಂದಿಗೂ ಜುಮ್ಮೆನ್ನುತ್ತದೆ.

ನಮ್ಮದು ತೀರ್ಥಹಳ್ಳಿ. ಅಬ್ಬಾ ದರ್ಜಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತಮ್ಮ ದಮ್ಮಾಮ್‌ನಲ್ಲಿದ್ದಾನೆ. ಅಮ್ಮಿ ಯಾವತ್ತೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಬಾಯಿಯಿಂದ "ನನಗೆ ನೋವಾಗುತ್ತಿದೆ" ಎಂಬ ಮಾತನ್ನು ನಾವು ಕೇಳಿದ್ದೇ ಇಲ್ಲ. ಕೇಳಿದರೆ "ಏನಿಲ್ಲ ಬೇಟಿ" ಎನ್ನುವುದೇ ಅವರ ರೂಢಿ. 2021ರ ಮಳೆಗಾಲದಲ್ಲಿ ಹೊಟ್ಟೆ ಉಬ್ಬರಿಸತೊಡಗಿದಾಗಲೂ ಅವರು ಹೇಳಿದ್ದು ಅದನ್ನೇ. ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದಂತಾಗುತ್ತಿತ್ತು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಗ್ಯಾಸ್ಟ್ರಿಕ್ ಎಂದು ಮೂರು ತಿಂಗಳು ಮಾತ್ರೆ ನುಂಗಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು. ಅಂಡಾಶಯದ ಕ್ಯಾನ್ಸರ್ ಎಂದು ವೈದ್ಯರು ಹೇಳಿದಾಗ ನನ್ನ ಕಾಲ ಕೆಳಗಿನ ಭೂಮಿ ಕುಸಿದಂತಾಯಿತು.

ಆ ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಸೆಪ್ಟೆಂಬರ್‌ನಿಂದ 21 ದಿನಗಳಿಗೊಮ್ಮೆ ಆರು ಬಾರಿ ಕೀಮೋ ಎಂದರು. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಎಂಬ ಎರಡು ಔಷಧಿಗಳು. ಈ ಹೆಸರುಗಳು ನನ್ನ ನಾಲಿಗೆಗೆ ಹೊಂದಿಕೊಳ್ಳಲು ಒಂದು ವಾರ ಬೇಕಾಯಿತು. ಆದರೆ ಒಂದು ಸಂಗತಿ ಮಾತ್ರ ಮೊದಲ ದಿನವೇ ಮನಸ್ಸಿನಲ್ಲಿ ಉಳಿಯಿತು. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲವಂತೆ. ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಣದಲ್ಲಿ ಕರಗಿಸುತ್ತಾರೆ. ಹೆಚ್ಚಿನವರಲ್ಲಿ ಮೈ ತಿರುಗಿ ಬೀಳುವುದು ಈ ದ್ರಾವಣಕ್ಕೆ. ನಮ್ಮ ಅಜ್ಜಿಯಂದಿರು ತಲೆಗೆ ಹಚ್ಚುತ್ತಿದ್ದ, ಮಕ್ಕಳಿಗೆ ಕುಡಿಸುತ್ತಿದ್ದ ಹರಳೆಣ್ಣೆ!

ಈ ಔಷಧಿಗೂ ಒಂದು ಕಥೆಯಿದೆ. ಅಮೆರಿಕದ ಯೂ ಜಾತಿಯ ಮರದ ತೊಗಟೆಯಿಂದ ಅದನ್ನು ಬೇರ್ಪಡಿಸಿ, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ ಎಂಬ ವಿಜ್ಞಾನಿಗಳು. 1980ರ ದಶಕದಲ್ಲಿ ರೋಗಿಗಳ ಮೇಲೆ ಪ್ರಯೋಗಿಸಿದಾಗ ಅಲರ್ಜಿಯ ಹೊಡೆತ ಎಷ್ಟು ಜೋರಾಗಿತ್ತೆಂದರೆ ಔಷಧಿಯನ್ನೇ ಕೈಬಿಡುವ ಮಾತು ಬಂದಿತ್ತು. ಮೊದಲೇ ಸ್ಟೀರಾಯ್ಡ್ ಮತ್ತು ಅಲರ್ಜಿ ನಿರೋಧಕ ಔಷಧಿಗಳನ್ನು ಕೊಟ್ಟು, ಡ್ರಿಪ್ಪನ್ನು ನಿಧಾನವಾಗಿ ಬಿಟ್ಟರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ ಎಂದು ಕಂಡುಕೊಂಡ ಮೇಲೆಯೇ ಅದು ಬಳಕೆಗೆ ಬಂದದ್ದು. 1992ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಅಂಡಾಶಯದ ಕ್ಯಾನ್ಸರಿಗಾಗಿಯೇ.

ಹಾಗಾಗಿ ಅಮ್ಮಿಗೂ ಡ್ರಿಪ್ ಹಾಕುವ 12 ಗಂಟೆ ಮೊದಲು ಮತ್ತು 6 ಗಂಟೆ ಮೊದಲು ಸ್ಟೀರಾಯ್ಡ್ ಮಾತ್ರೆ ನುಂಗಬೇಕೆಂದು ಬರೆದುಕೊಟ್ಟರು. ಬೆಳಿಗ್ಗೆ 9ಕ್ಕೆ ಡ್ರಿಪ್ ಎಂದರೆ ರಾತ್ರಿ 9ಕ್ಕೆ ಒಂದು ಸಲ, ನಸುಕಿನ 3ಕ್ಕೆ ಇನ್ನೊಂದು ಸಲ. ಆ ಹೊತ್ತಿಗೆ ಯಾರು ಏಳುತ್ತಾರೆ ಎಂದು ನಾನು ಚಿಂತಿಸಿದರೆ, "ತಹಜ್ಜುದ್‌ಗೆ ಏಳುತ್ತೇನಲ್ಲ, ಆಗಲೇ ನುಂಗುತ್ತೇನೆ" ಎಂದರು ಅಮ್ಮಿ. ಕೆಲವು ಆಸ್ಪತ್ರೆಗಳಲ್ಲಿ ಮಾತ್ರೆಯ ಬದಲು ಡ್ರಿಪ್ಪಿಗೆ ಅರ್ಧ ಗಂಟೆ ಮೊದಲು ಅದೇ ಔಷಧಿಯನ್ನು ನರಕ್ಕೆ ಕೊಡುತ್ತಾರೆ. ಯಾವುದೇ ಕ್ರಮವಿರಲಿ, ನಮಗೆ ಹೇಳಿದ್ದನ್ನು ತಪ್ಪಿಸಬಾರದು. ಅಕಸ್ಮಾತ್ ಮಾತ್ರೆ ಮರೆತರೆ ಅದನ್ನು ಮುಚ್ಚಿಡದೆ ಡ್ರಿಪ್ ಹಾಕುವ ಮೊದಲೇ ಸಿಸ್ಟರ್‌ಗೆ ಹೇಳಬೇಕು.

ಇಷ್ಟೆಲ್ಲ ಮಾಡಿಯೂ ಮೊದಲ ದಿನವೇ ಪರೀಕ್ಷೆ ಎದುರಾಯಿತು. ಡ್ರಿಪ್ ಹಾಕಿ ಐದು ನಿಮಿಷವೂ ಆಗಿರಲಿಲ್ಲ. ಅಮ್ಮಿಯ ಮುಖ ಕೆಂಪಗೆ ಏರಿತು. ಸೊಂಟ ಹಿಡಿದುಕೊಂಡರು. ಎದೆಯ ಮೇಲೆ ಕಲ್ಲು ಇಟ್ಟಂತಾಗುತ್ತಿದೆ ಎಂದು ಕೈಸನ್ನೆ ಮಾಡಿದರು. ಆದರೆ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು. ಪ್ಯಾಕ್ಲಿಟ್ಯಾಕ್ಸೆಲ್ ಮೈಗೆ ಆಗದಿದ್ದರೆ ಸಾಮಾನ್ಯವಾಗಿ ಮೊದಲ ಅಥವಾ ಎರಡನೆಯ ಸಲವೇ, ಅದೂ ಮೊದಲ ಕೆಲವು ನಿಮಿಷಗಳಲ್ಲೇ ಗೊತ್ತಾಗುತ್ತದೆ. ಹಾಗಾಗಿ ಅವರು ಕದಲದೆ ನಿಂತು ಕಾಯುತ್ತಾರೆ. ತಕ್ಷಣ ಡ್ರಿಪ್ ನಿಲ್ಲಿಸಿ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಎಲ್ಲ ಶಾಂತವಾಯಿತು. ವೈದ್ಯರು ಬಂದು ನೋಡಿ, ಮತ್ತೆ ಬಹಳ ನಿಧಾನವಾಗಿ ಶುರು ಮಾಡಿಸಿದರು. ಬಾಟಲಿ ಮುಗಿಯಿತು. ಉಳಿದ ಐದು ಬಾರಿಯೂ ಯಾವ ತೊಂದರೆಯೂ ಆಗಲಿಲ್ಲ. 2022ರ ಜನವರಿಯಲ್ಲಿ ಆರನೆಯದು ಮುಗಿದಾಗ ಅಲರ್ಜಿಯ ಅಧ್ಯಾಯವೂ ಮುಗಿಯಿತೆಂದೇ ನಾವು ನಂಬಿದೆವು. ನಮ್ಮ ತಪ್ಪು ತಿಳಿವಳಿಕೆ ಶುರುವಾದದ್ದೂ ಅಲ್ಲಿಂದಲೇ.

ಇಪ್ಪತ್ತು ತಿಂಗಳು ನೆಮ್ಮದಿಯಾಗಿದ್ದೆವು. 2023ರ ಅಕ್ಟೋಬರ್‌ನಲ್ಲಿ ರಕ್ತದ ಸಿಎ-125 ಮತ್ತೆ ಏರಿತು. ಸ್ಕ್ಯಾನ್‌ನಲ್ಲಿಯೂ ಕಾಯಿಲೆ ಕಾಣಿಸಿತು. ಮೊದಲ ಚಿಕಿತ್ಸೆ ಮುಗಿದು ಇಷ್ಟು ಕಾಲ ಕಳೆದಿರುವುದರಿಂದ ಅದೇ ಔಷಧಿ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ ಎಂದು ವೈದ್ಯರು ಧೈರ್ಯ ಹೇಳಿದರು. ಏಳನೆಯ ಕೀಮೋ ಸುಖವಾಗಿ ಕಳೆಯಿತು.

ಎಂಟನೆಯದಕ್ಕೆ ಹೋಗುವ ವಾರ ಮೊದಲು ಖಾಲಾನ ಮಗನ ಮದುವೆಯಿತ್ತು. ಅಮ್ಮಿಯ ಎರಡೂ ಅಂಗೈಗಳಿಗೆ ಹುಡುಗಿಯರು ಗಾಢವಾಗಿ ಮೆಹಂದಿ ಹಚ್ಚಿದ್ದರು. ಆ ದಿನ ಬೆಳಿಗ್ಗೆ ಆಗುಂಬೆ ಘಾಟಿ ಇಳಿದು ಆಸ್ಪತ್ರೆ ಸೇರಿದೆವು. ಮೊದಲು ಪ್ಯಾಕ್ಲಿಟ್ಯಾಕ್ಸೆಲ್ ಮೂರು ಗಂಟೆ ಹೋಯಿತು, ಏನೂ ಆಗಲಿಲ್ಲ. ಮಧ್ಯಾಹ್ನ ಕಾರ್ಬೋಪ್ಲಾಟಿನ್ ಹಾಕಿದರು. ಏಳು ಬಾರಿ ತೊಂದರೆ ಕೊಡದ ಔಷಧಿ, ಅದಕ್ಕೆ ಯಾರು ಕಾವಲು ಕಾಯುತ್ತಾರೆ? ಸಿಸ್ಟರ್ ಇನ್ನೊಬ್ಬ ರೋಗಿಯ ಕಡೆ ಹೋದರು. ನಾನು ಗಡಿಯಾರ ನೋಡುತ್ತಿದ್ದೆ. ಘಾಟಿ ಹತ್ತುವ ಮಿನಿ ಬಸ್ಸು ತಪ್ಪಿದರೆ ಅಂದು ಮನೆ ಸೇರುವುದು ಕಷ್ಟ.

ಅರ್ಧ ಬಾಟಲಿ ಹೋಗಿತ್ತು. ಅಮ್ಮಿ ಅಂಗೈಯನ್ನು ಚಾದರಕ್ಕೆ ಉಜ್ಜಿಕೊಂಡು ದುಡ್ಡಿನ ತಮಾಷೆ ಮಾಡಿದ್ದು ಆಗ. "ಅಂಗಡಿಯ ಮೆಹಂದಿ ಕೋನ್, ಅದರಲ್ಲಿ ಏನೇನು ಬೆರೆಸಿರುತ್ತಾರೋ" ಎಂದೆ ನಾನು. ಸ್ವಲ್ಪ ಹೊತ್ತಿಗೆ ಅವರು ಪಾದಗಳನ್ನು ಒಂದಕ್ಕೊಂದು ತಿಕ್ಕತೊಡಗಿದರು. ಪಾದಕ್ಕೆ ಮೆಹಂದಿ ಇರಲಿಲ್ಲ. ಅದನ್ನು ಕಂಡೂ ನನಗೆ ಹೊಳೆಯಲಿಲ್ಲ. ಅಮ್ಮಿ ಕಣ್ಣು ಮುಚ್ಚಿ ಮಲಗಿದ್ದರು. ತುಟಿ ಅಲುಗುತ್ತಿತ್ತು. ತಸ್ಬೀಹ್ ಓದುತ್ತಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅಷ್ಟು ಹೊತ್ತಿಗಾಗಲೇ ಅವರಿಗೆ ಹೊಟ್ಟೆ ಹಿಂಡುತ್ತಿತ್ತು, ಮೈಯೆಲ್ಲ ಬೆಂಕಿಯಂತೆ ಉರಿಯುತ್ತಿತ್ತು.

ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದ ಸಿಸ್ಟರ್ ಅಮ್ಮಿಯ ಕಡೆ ತಿರುಗಿ, "ಅಮ್ಮ, ಎಂತ ಆಗ್ತಾ ಉಂಟು? ಕೈ ತೋರಿಸಿ" ಎಂದರು. ಅಂಗೈಯಲ್ಲಿ ಮೆಹಂದಿಯ ಬಣ್ಣವೇ ಹೊರತು ಬೇರೇನೂ ಕಾಣಲಿಲ್ಲ. ಮುಖಕ್ಕೆ ದುಪಟ್ಟಾ ಎಳೆದುಕೊಂಡಿದ್ದರು. ಸಿಸ್ಟರ್ ಅದನ್ನು ಸರಿಸಿದರೆ ಮುಖ, ಕತ್ತು, ಕಿವಿ ಎಲ್ಲ ಕೆಂಡದಂತೆ! ಮರುಕ್ಷಣವೇ ಡ್ರಿಪ್ಪಿನ ಗಾಲಿ ತಿರುಗಿಸಿ ಔಷಧಿ ನಿಲ್ಲಿಸಿದರು. ಅಷ್ಟರಲ್ಲಿ ಅಮ್ಮಿಗೆ ಉಸಿರು ಸಿಗದಂತಾಯಿತು. ರಕ್ತದೊತ್ತಡ ಸರ್ರನೆ ಇಳಿಯಿತು. ನಾಲ್ಕೈದು ಜನ ಓಡಿಬಂದರು. ಮಂಚವನ್ನು ಸಮತಟ್ಟು ಮಾಡಿ ಕಾಲುಗಳನ್ನು ಮೇಲೆತ್ತಿದರು, ಆಮ್ಲಜನಕ ಹಾಕಿದರು, ತೊಡೆಯ ಸ್ನಾಯುವಿಗೆ ಅಡ್ರಿನಾಲಿನ್ ಚುಚ್ಚಿದರು, ಇನ್ನೊಂದು ಕಡೆ ಸಲೈನ್ ಜೋರಾಗಿ ಬಿಟ್ಟರು. ನನ್ನನ್ನು ಪರದೆಯ ಆಚೆ ಕಳಿಸಿದರು. ಆ ಹತ್ತು ನಿಮಿಷ ನಾನು ಹೇಗೆ ಕಳೆದೆನೋ, ಅಲ್ಲಾಹನೇ ಬಲ್ಲ. ಆತನ ಕೃಪೆಯಿಂದ ಅಮ್ಮಿ ಕಣ್ಣು ತೆರೆದರು.

ರಾತ್ರಿ ಅವರ ಮಂಚದ ಬಳಿ ಕುಳಿತು ಅಳುತ್ತಾ ಕೇಳಿದೆ, "ಅಮ್ಮೀ, ಯಾಕೆ ಹೇಳಲಿಲ್ಲ ನೀವು?"

"ಬಸ್ಸು ತಪ್ಪುತ್ತದೆ ಅನ್ನಿಸಿತು ಬೇಟಿ. ಮೊದಲ ಸಲವೂ ಹೀಗೇ ಆಗಿ ಸರಿಹೋಗಿತ್ತಲ್ಲ, ಇದೂ ಹೋಗುತ್ತದೆ ಅಂದುಕೊಂಡೆ. ಅಲ್ಲದೆ, ಹೇಳಿದರೆ ಔಷಧಿಯನ್ನೇ ನಿಲ್ಲಿಸಿಬಿಡುತ್ತಾರೇನೋ ಎಂಬ ಭಯ. ಸಬರ್ ಮಾಡೋಣ ಎಂದುಕೊಂಡೆ."

ಪ್ರಿಯ ಸಹೋದರಿಯರೇ, ಎಷ್ಟು ಜನ ತಾಯಂದಿರ ಮಾತು ಇದು! ಅಡುಗೆಮನೆಯಲ್ಲಿ ಕೈ ಸುಟ್ಟರೂ ಹೇಳದವರು, ಜ್ವರದಲ್ಲೂ ರೊಟ್ಟಿ ಬಡಿದವರು, ತಮ್ಮ ನೋವನ್ನು ಹೇಳುವುದೇ ಇತರರಿಗೆ ತೊಂದರೆ ಕೊಟ್ಟಂತೆ ಎಂದು ತಿಳಿದವರು. ಆದರೆ ಕೀಮೋ ಡ್ರಿಪ್ಪಿನ ಕೆಳಗೆ ಬಾಯಿ ಮುಚ್ಚಿಕೊಂಡಿರುವುದು ಸಬರ್ ಅಲ್ಲ. ಅಲ್ಲಿ ಹೇಳುವುದೂ ಚಿಕಿತ್ಸೆಯ ಒಂದು ಭಾಗ. ನಿಲ್ಲಿಸುವವರ ಕೈಗೆ ಸಿಗುವ ಮೊದಲ ಸುಳಿವು ರೋಗಿಯ ಮಾತೇ.

ಮರುದಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಮೊದಲ ಭೇಟಿಯಲ್ಲೇ ಜಗಳವಾಡುತ್ತದೆ. ಕಾರ್ಬೋಪ್ಲಾಟಿನ್ ಹಾಗಲ್ಲ. ಅದರಲ್ಲಿರುವ ಪ್ಲಾಟಿನಮ್ಮನ್ನು ದೇಹ ಹಲವು ಬಾರಿ ಕಂಡು, ಗುರುತು ಹಿಡಿದು, ಶತ್ರುವೆಂದು ತೀರ್ಮಾನಿಸಿದ ಮೇಲೆ ತಿರುಗಿ ಬೀಳುತ್ತದೆ. ವರ್ಷಗಟ್ಟಲೆ ಸೀಗಡಿ ತಿಂದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಮೈತುಂಬ ದದ್ದು ಏಳುವುದಿಲ್ಲವೇ, ಹಾಗೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರ್ಬೋಪ್ಲಾಟಿನ್ ಪಡೆದ 205 ಮಹಿಳೆಯರಲ್ಲಿ 24 ಮಂದಿಗೆ, ಎಂದರೆ ನೂರಕ್ಕೆ 12 ಮಂದಿಗೆ ಹೀಗಾಗಿತ್ತು. ಏಳಕ್ಕಿಂತ ಹೆಚ್ಚು ಬಾರಿ ಪಡೆದವರನ್ನೇ ಲೆಕ್ಕ ಹಿಡಿದರೆ ಅದು ನೂರಕ್ಕೆ 27. ಬೆಳಿಗ್ಗೆ ಕೊಟ್ಟ ಸ್ಟೀರಾಯ್ಡ್ ಇದನ್ನು ತಡೆಯುತ್ತದೆ ಎಂದು ನಂಬುವಂತಿಲ್ಲ. ಅಂಗೈ ಅಂಗಾಲಿನ ತುರಿಕೆ, ಮುಖ ಕೆಂಪಾಗುವುದು, ಹೊಟ್ಟೆ ಹಿಂಡುವುದು ಅದರ ಮೊದಲ ಲಕ್ಷಣಗಳು. ಏಳು ಬಾರಿ ಸುಖವಾಗಿ ಹೋದದ್ದೇ ನಮಗೆ ಧೈರ್ಯ ಕೊಟ್ಟಿತ್ತು. ನಿಜದಲ್ಲಿ ಎಚ್ಚರ ಹೆಚ್ಚಬೇಕಾದದ್ದೇ ಆಗ!

ಈಗ ಮುಂದೇನು? ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. "ಅವಳು ನನ್ನ ಕಣ್ಣೆದುರಿಗೆ ಇದ್ದರೆ ಸಾಕು, ಆ ಔಷಧಿ ಬೇಡವೇ ಬೇಡ" ಎಂದು ಅಬ್ಬಾ ಪಟ್ಟು ಹಿಡಿದರು. ತಮ್ಮ ದಮ್ಮಾಮ್‌ನಿಂದ ದಿನಕ್ಕೆ ಮೂರು ಬಾರಿ ಫೋನ್ ಮಾಡಿದ. ಇನ್ನು ಗಿಡಮೂಲಿಕೆಯ ಔಷಧಿಯೇ ಸಾಕು ಎಂದರು ಖಾಲಾ. ವೈದ್ಯರು ಮೂರು ದಾರಿಗಳನ್ನು ಮುಂದಿಟ್ಟರು. ಕಾರ್ಬೋಪ್ಲಾಟಿನ್ ಬಿಟ್ಟು ಪ್ಲಾಟಿನಮ್ ಅಲ್ಲದ ಔಷಧಿಗೆ ಹೋಗುವುದು. ಅದೇ ಕುಟುಂಬದ ಸಿಸ್‌ಪ್ಲಾಟಿನ್ ಪ್ರಯತ್ನಿಸುವುದು, ಅದಕ್ಕೂ ಅಲರ್ಜಿಯಾಗುವ ಸಂಭವವಿದೆ. ಇಲ್ಲವೇ ಕಾರ್ಬೋಪ್ಲಾಟಿನ್‌ಗೇ ದೇಹವನ್ನು ಹನಿ ಹನಿಯಾಗಿ ಒಗ್ಗಿಸಿ ಕೊಡುವುದು. ಈ ಕೊನೆಯದಕ್ಕೆ ಡಿಸೆನ್ಸಿಟೈಸೇಷನ್ ಎನ್ನುತ್ತಾರೆ. ಅಪಾಯವೇ ಇಲ್ಲವೆಂದು ಅವರು ಹೇಳಲಿಲ್ಲ. ಬಾಸ್ಟನ್ನಿನ ಬ್ರಿಗ್ಯಾಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಡಾ. ಮರಿಯಾನಾ ಕ್ಯಾಸ್ಟೆಲ್ಸ್ ಮತ್ತು ಸಂಗಡಿಗರು ಹೀಗೆ ಒಗ್ಗಿಸುವ ಕ್ರಮವೊಂದನ್ನು ಬೇರೆ ಬೇರೆ ಕೀಮೋ ಔಷಧಿಗಳಿಗಾಗಿ 98 ರೋಗಿಗಳಿಗೆ ಒಟ್ಟು 413 ಬಾರಿ ಅನುಸರಿಸಿ 2008ರಲ್ಲಿ ವರದಿ ಮಾಡಿದ್ದರಂತೆ. ನೂರಕ್ಕೆ 94 ಬಾರಿ ತೊಂದರೆಯೇ ಆಗಿರಲಿಲ್ಲ ಅಥವಾ ಅಲ್ಪವಾಗಿತ್ತು. ಯಾರೂ ಸತ್ತಿರಲಿಲ್ಲ.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅಮ್ಮಿಯೇ ಬಾಯಿ ತೆರೆದರು. "ಕೆಲಸ ಮಾಡುವ ಔಷಧಿ ಇದು ಎಂದು ನೀವೇ ಹೇಳಿದಿರಿ. ಹಾಗಾದರೆ ಇದನ್ನೇ ಕೊಡಿ ಡಾಕ್ಟರ್. ಈ ಸಲ ನಾನು ಹೇಳುತ್ತೇನೆ." ಅಮ್ಮಿ ತಮ್ಮ ಶರೀರದ ಬಗ್ಗೆ ತಾವೇ ತೀರ್ಮಾನ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂರು ವಾರ ಬಿಟ್ಟು ಮುಂಗೈಯ ಚರ್ಮದ ಮೇಲೆ ಔಷಧಿಯ ಸಣ್ಣ ಹನಿಗಳಿಂದ ಪರೀಕ್ಷೆ ಮಾಡಿದರು. ಗುಳ್ಳೆ ಎದ್ದಿತು, ಅಲರ್ಜಿ ಇರುವುದು ಖಚಿತವಾಯಿತು. ಅಮ್ಮಿ ರಕ್ತದೊತ್ತಡಕ್ಕೆ ನುಂಗುತ್ತಿದ್ದ ಅಟೆನೊಲಾಲ್ ಮಾತ್ರೆಯನ್ನು ವೈದ್ಯರು ಬದಲಾಯಿಸಿದರು. ಆ ಜಾತಿಯ ಮಾತ್ರೆ ನುಂಗುತ್ತಿದ್ದರೆ ಆಪತ್ತಿನಲ್ಲಿ ಕೊಡುವ ಅಡ್ರಿನಾಲಿನ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದಂತೆ. ಮನೆಯಲ್ಲಿ ನುಂಗುವ ಪ್ರತಿಯೊಂದು ಮಾತ್ರೆಯ ಚೀಟಿಯನ್ನೂ ಕೀಮೋ ವೈದ್ಯರಿಗೆ ಏಕೆ ತೋರಿಸಬೇಕೆಂದು ನನಗೆ ತಿಳಿದದ್ದು ಆಗ.

ಡಿಸೆಂಬರ್ ಮಧ್ಯದಲ್ಲಿ ಅಮ್ಮಿಯನ್ನು ದಾಖಲು ಮಾಡಿಕೊಂಡರು. ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಹಿಂದಿನ ದಿನವೇ ಕೊಟ್ಟು ಮುಗಿಸಿದ್ದರು. ಐಸಿಯುವಿಗೆ ಹೊಂದಿಕೊಂಡ ಕೋಣೆ, ಒಬ್ಬರೇ ರೋಗಿಗೆ ಒಬ್ಬರು ಸಿಸ್ಟರ್. ತಟ್ಟೆಯಲ್ಲಿ ಅಡ್ರಿನಾಲಿನ್ ತುಂಬಿದ ಸಿರಿಂಜ್ ಸಿದ್ಧವಾಗಿತ್ತು. ಕಾರ್ಬೋಪ್ಲಾಟಿನ್‌ನ ಮೂರು ಬಾಟಲಿಗಳನ್ನು ಸಾಲಾಗಿ ತೂಗುಹಾಕಿದ್ದರು. ಮೊದಲನೆಯದರಲ್ಲಿ ಔಷಧಿ ನೂರು ಪಾಲು ತೆಳು, ಎರಡನೆಯದರಲ್ಲಿ ಹತ್ತು ಪಾಲು ತೆಳು, ಮೂರನೆಯದು ಪೂರ್ಣ ಗಾಢ. ಒಟ್ಟು 12 ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ 15 ನಿಮಿಷ, ಕೊನೆಯದು ಮಾತ್ರ ಬಾಟಲಿ ಮುಗಿಯುವವರೆಗೆ. ಎಲ್ಲ ಸೇರಿ ಸುಮಾರು ಆರು ಗಂಟೆ. ಮೊದಲ 15 ನಿಮಿಷದಲ್ಲಿ ದೇಹಕ್ಕೆ ಹೋಗುವುದು ಇಡೀ ಡೋಸಿನ 50 ಸಾವಿರದಲ್ಲಿ ಒಂದು ಪಾಲು ಮಾತ್ರ! "ತುಂಗಾ ಹೊಳೆಗೆ ಇಳಿಯುವ ಹಾಗೆ" ಎಂದರು ಅಮ್ಮಿ. "ಚಳಿಗಾಲದಲ್ಲಿ ದಬಕ್ಕನೆ ಹಾರಿದರೆ ಎದೆ ಹಿಡಿಯುತ್ತದೆ. ಪಾದ, ಮೊಣಕಾಲು, ಸೊಂಟ ಎಂದು ಇಳಿದರೆ ನೀರು ಒಗ್ಗುತ್ತದೆ."

ಅಮ್ಮಿಯ ಅಂಗೈ ಅಂದು ಖಾಲಿಯಾಗಿತ್ತು. ಮೆಹಂದಿಯ ಬಣ್ಣ ಪೂರ್ತಿ ಹೋಗಿತ್ತು. ಸಡಿಲ ತೋಳಿನ ಅಂಗಿ ತೊಡಿಸಿದ್ದೆ. ಕೋಣೆಯಲ್ಲಿ ಹೆಂಗಸರೇ ಇದ್ದುದರಿಂದ ಮುಖ, ಕತ್ತು ತೆರೆದೇ ಇತ್ತು.

ಹನ್ನೊಂದನೆಯ ಮೆಟ್ಟಿಲು. ಅಬ್ಬಾ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅಮ್ಮಿ ಇದ್ದಕ್ಕಿದ್ದಂತೆ ಕೈ ಎತ್ತಿದರು.

"ಸಿಸ್ಟರ್, ಅಂಗೈ ತುರಿಸುತ್ತಿದೆ."

ಮೆಲ್ಲನೆಯ ದನಿಯೇ, ಆದರೆ ಸ್ಪಷ್ಟವಾಗಿತ್ತು. ಸಿಸ್ಟರ್ ತಕ್ಷಣ ಪಂಪ್ ನಿಲ್ಲಿಸಿದರು. ವೈದ್ಯರು ಬಂದರು, ಇಂಜೆಕ್ಷನ್ ಕೊಟ್ಟು ಕಾದರು. ರಕ್ತದೊತ್ತಡ ಇಳಿಯಲಿಲ್ಲ, ಉಸಿರು ಕಟ್ಟಲಿಲ್ಲ. ತುರಿಕೆ ಇಳಿದ ಮೇಲೆ ಮತ್ತೆ ಶುರು ಮಾಡಿ ಪೂರ್ತಿ ಡೋಸ್ ಮುಗಿಸಿದರು. ಹೊರಗೆ ಬಂದು ಹೇಳಿದಾಗ ಅಬ್ಬಾ ಏನೂ ಮಾತನಾಡದೆ ಟೊಪ್ಪಿ ತೆಗೆದು ಕಣ್ಣೊರೆಸಿಕೊಂಡರು.

ಹೀಗೆ ಒಗ್ಗಿಸಿದ್ದು ಆ ಒಂದು ಸಲಕ್ಕೆ ಮಾತ್ರ. ಮುಂದಿನ ಸಲ ದೇಹ ಮತ್ತೆ ಹಳೆಯ ಹಗೆಯನ್ನೇ ನೆನಪಿಟ್ಟುಕೊಂಡಿರುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಅದೇ 12 ಮೆಟ್ಟಿಲು. ಹೀಗೆ ನಾಲ್ಕು ಬಾರಿ ಹತ್ತಿ, 2024ರ ಫೆಬ್ರವರಿಯಲ್ಲಿ ಹನ್ನೆರಡನೆಯ ಕೀಮೋ ಮುಗಿಯಿತು. ಸಿಎ-125 ಮತ್ತೆ 35ರ ಒಳಗೆ ಬಂತು. ಕಾಯಿಲೆ ಇನ್ನು ಬರುವುದೇ ಇಲ್ಲವೆಂದು ನಾವು ಭಾವಿಸಿಲ್ಲ. ತಪಾಸಣೆಯ ಚೀಟಿ ಅಬ್ಬಾನ ಅಂಗಡಿಯ ಕ್ಯಾಲೆಂಡರಿಗೆ ಪಿನ್ ಮಾಡಿಯೇ ಇದೆ.

ನಿಮ್ಮ ಮನೆಯಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ನಮ್ಮ ಅನುಭವದಿಂದ ಕೆಲವು ಮಾತು. ಇದು ಎಷ್ಟನೆಯ ಕೀಮೋ, ಯಾವ ಔಷಧಿ, ಹಿಂದೆ ಏನಾಗಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೇರೆ ಆಸ್ಪತ್ರೆಗೆ ಹೋದರೂ ಅದು ಜೊತೆಗಿರಲಿ. ಚಿಕಿತ್ಸೆ ಮುಗಿಯುವ ತನಕ ಅಂಗೈಗೆ ಮೆಹಂದಿ ಬೇಡ. ಡ್ರಿಪ್ ಹೋಗುವಾಗ ಮುಖ ಮತ್ತು ಕತ್ತು ಸಿಸ್ಟರ್‌ಗೆ ಕಾಣುವಂತಿರಲಿ, ಪರದೆ ಬೇಕೆಂದು ಕೇಳಿದರೆ ಹಾಕಿಕೊಡುತ್ತಾರೆ. ತುರಿಕೆ, ಉರಿ, ಸೊಂಟ ನೋವು, ಹೊಟ್ಟೆ ಹಿಂಡುವುದು, ಎದೆ ಬಿಗಿತ, ಏನೇ ಆದರೂ ಆ ಕ್ಷಣವೇ ಹೇಳಿ. ಮನೆಗೆ ಬಂದ ಮೇಲೆ ಮೈಮೇಲೆ ದದ್ದು ಎದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಮುಖ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ಮನೆಮದ್ದು ಮಾಡುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಓಡಿ. ಆ ದಿನ ಮರಳುವ ಬಸ್ಸಿನ ಸಮಯವನ್ನು ಮಾತ್ರ ನೋಡಬೇಡಿ. ಸಾಧ್ಯವಾದರೆ ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಂಡೇ ಹೋಗಿ.

ಆ ವರ್ಷ ಏಪ್ರಿಲ್‌ನಲ್ಲಿ ಈದ್ ಬಂತು. ಹಿಂದಿನ ರಾತ್ರಿ ನನ್ನ ಮಗಳು ಮೆಹಂದಿ ಕೋನ್ ಹಿಡಿದು ಅಜ್ಜಿಯ ಎದುರು ಕುಳಿತಳು. ಅಮ್ಮಿ ಎರಡೂ ಅಂಗೈ ಚಾಚಿದರು. ನಾನು ಅಡುಗೆಮನೆಯಿಂದಲೇ ಕೇಳಿದೆ, "ಅಮ್ಮೀ, ತುರಿಸುತ್ತಿದೆಯಾ?"

"ಇಲ್ಲ ಬೇಟಿ" ಎಂದರು. "ತುರಿಸಿದರೆ ಹೇಳುತ್ತೇನೆ."